ಗ್ರಾಫಿಟಿ ಥರದ ಜ್ಯಾಮಿತಿ ಚಿತ್ರ ಮಾಡಿದರೆ ಡೌನ್‌ಲೋಡ್ ಮಾಡಿದ ಹಾಗೆ ಕಾಣುತ್ತಿದೆ, ಎಲ್ಲಿ ಎಡವುತ್ತಿದ್ದೇನೆ?

ಗೀಚುಮಲ್ಲ
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಗ್ರಾಫಿಟಿ, ಅಂದರೆ ಬೀದಿ ಗೋಡೆಗಳ ಮೇಲಿನ ಸ್ಪ್ರೇ ಬರಹ, ನೋಡಿ ನೋಡಿ ಅದೇ ಥರದ ಅಮೂರ್ತ ಚಿತ್ರಗಳನ್ನು ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿದ್ದೇನೆ. ತ್ರಿಕೋನ, ಷಟ್ಕೋನ, ಓರೆ ಪಟ್ಟಿಗಳು, ಮೇಲೊಂದಿಷ್ಟು ಬಣ್ಣ ಎರಚಿದ ಹಾಗೆ, ಕೆಳಗೆ ಸೋರಿದ ಹಾಗೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲಾ ಚೆನ್ನಾಗೇ ಇದೆ. ಮೊನ್ನೆ ಒಂದು ಕೆಫೆಯ ಗೋಡೆಗೆ ಅಂತ ತೋರಿಸಲು ಹೋದೆ. ಅವರು ಐದು ಸೆಕೆಂಡ್ ನೋಡಿ "ಇದು ಎಲ್ಲೋ ನೋಡಿದ ಹಾಗಿದೆ, ನೆಟ್‌ನಿಂದ ತೆಗೆದಿದ್ದಾ?" ಅಂದುಬಿಟ್ಟರು. ನಾಲ್ಕು ರಾತ್ರಿ ಕೂತು ಮಾಡಿದ್ದು ಸ್ವಾಮಿ! ಬೇಜಾರಾಯಿತು, ಆದರೆ ಮನೆಗೆ ಬಂದು ನೋಡಿದರೆ ಅವರು ಹೇಳಿದ್ದು ನಿಜ ಅನ್ನಿಸಿತು. ಮೂರು ಚಿತ್ರ ಹಾಕಿದ್ದೇನೆ. ಮುಲಾಜಿಲ್ಲದೆ ಬೈಯಿರಿ.

ಕುಡ್ಲದ ಕ್ಯಾನ್
ಮಾರಾಯ, ಎರಡನೆಯದರಲ್ಲಿ ಬಣ್ಣ ಓರೆಯಾಗಿ ಸೋರುತ್ತಿದೆ. ನಿಮ್ಮೂರಲ್ಲಿ ಗುರುತ್ವಾಕರ್ಷಣೆ ಬೇರೆಯಾ?

ಬೋರ್ಡ್‌ಬರಹ
ಒಂದೇ ಪ್ರಶ್ನೆ. ಇದರಲ್ಲಿ ಅಕ್ಷರ ಎಲ್ಲಿದೆ?

ಗೀಚುಮಲ್ಲ
ಅಮೂರ್ತ ಅಲ್ವಾ ಅಣ್ಣ, ಅಕ್ಷರ ಯಾಕೆ?

ಬೋರ್ಡ್‌ಬರಹ
ಅಲ್ಲೇ ಇರೋದು ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ಗ್ರಾಫಿಟಿ ಹುಟ್ಟಿದ್ದೇ ಹೆಸರು ಬರೆಯೋದರಿಂದ. 1960ರ ದಶಕದ ಕೊನೆಗೆ ಫಿಲಡೆಲ್ಫಿಯಾದಲ್ಲಿ ಕಾರ್ನ್‌ಬ್ರೆಡ್ ಅನ್ನೋ ಹೆಸರು ಗೋಡೆಗೋಡೆಯ ಮೇಲೂ ಕಾಣಿಸಿತು. ಆಮೇಲೆ ನ್ಯೂಯಾರ್ಕ್‌ನಲ್ಲಿ ಟಾಕಿ 183. ಆ 183 ಅಂದರೆ ಅವನು ಇದ್ದ ಬೀದಿಯ ನಂಬರು, ಅಷ್ಟೇ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆದ ಮೇಲೆ ಊರಿಡೀ ಹುಡುಗರು ಶುರು ಹಚ್ಚಿಕೊಂಡರು. ಎಲ್ಲರೂ ಹೆಸರು ಬರೆಯುವವರೇ ಆದಾಗ ನಿನ್ನ ಹೆಸರು ಎದ್ದು ಕಾಣೋದು ಹೇಗೆ? ದೊಡ್ಡದು ಮಾಡಬೇಕು, ಬಣ್ಣ ತುಂಬಬೇಕು, ದಪ್ಪ ಕೊಡಬೇಕು. ಫೇಸ್ 2 ಅನ್ನುವವನು ಬಲೂನಿನ ಹಾಗೆ ಉಬ್ಬಿದ ಅಕ್ಷರ ತಂದ. ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡವು, ಕೊನೆಗಳಲ್ಲಿ ಬಾಣಗಳು ಮೂಡಿದವು. ಅದು ವೈಲ್ಡ್‌ಸ್ಟೈಲ್ ಆಯಿತು. ಹೊರಗಿನವರಿಗೆ ಓದಲಿಕ್ಕೇ ಆಗದಷ್ಟು ಗೋಜಲು, ಆದರೆ ಒಳಗೆ ಅಕ್ಷರದ ಮೂಳೆ ಇದ್ದೇ ಇರುತ್ತದೆ.

ಅಮೂರ್ತಕ್ಕೆ ಹೋದವರೂ ಹೋಗಿದ್ದು ಈ ದಾರಿಯಲ್ಲೇ. ನ್ಯೂಯಾರ್ಕ್‌ನ ಫ್ಯೂಚುರಾ 1980ರಲ್ಲಿ ಒಂದು ಇಡೀ ರೈಲು ಡಬ್ಬಿಯನ್ನು ಬಣ್ಣದ ಮೋಡದಲ್ಲಿ ಮುಳುಗಿಸಿ 'ಬ್ರೇಕ್' ಅಂತ ಒಂದೇ ಪದ ಬರೆದ. ಅವನು ಅದಕ್ಕೂ ಮುಂಚೆ ವರ್ಷಗಟ್ಟಲೆ ಹೆಸರು ಬರೆದವನು. ಆಮ್‌ಸ್ಟರ್‌ಡ್ಯಾಮ್‌ನ ಡೆಲ್ಟಾ ತನ್ನ ಹೆಸರಿನ ಅಕ್ಷರಗಳನ್ನು ಯಂತ್ರದ ಭಾಗ ಬಿಚ್ಚಿದ ಹಾಗೆ ಬಿಚ್ಚುತ್ತಾ ಹೋದ, ಡೆಲ್ಫ್ಟ್‌ನಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಓದಿದವನು ಬೇರೆ. ಕೊನೆಗೆ ಅಕ್ಷರ ಕಾಣದಾಯಿತು, ಬರೀ ಚಪ್ಪಡಿ, ಕಂಬ, ನೆರಳು ಉಳಿಯಿತು. ಲಾಸ್ ಏಂಜಲೀಸ್‌ನ ಆಗಸ್ಟೀನ್ ಕೋಫಿ ಚಿತ್ರ ನೋಡಿ, ಹಳೇ ಕಾಲದ ಎಂಜಿನಿಯರ್ ನಕ್ಷೆಯ ಹಾಗೆ ಇರುತ್ತದೆ. ಆದರೂ ಒಂದು ಬೀಸು ಇದೆ ನೋಡಿ, ಅದು ಅಕ್ಷರ ಬರೆದ ಕೈಯಿಂದ ಬಂದಿದ್ದು.

ನಿಮ್ಮ ತ್ರಿಕೋನಗಳು ಎಲ್ಲಿಂದ ಬಂದವು? ಎಲ್ಲಿಂದಲೂ ಇಲ್ಲ. ಖಾಲಿ ಜಾಗ ಇತ್ತು, ತುಂಬಿದಿರಿ. ಅದಕ್ಕೇ ಡೌನ್‌ಲೋಡ್ ಥರ ಕಾಣೋದು.

ಧಾರವಾಡ ಪೇಡಾ
ಬರೋಬ್ಬರಿ ಹೇಳಿದಿರಿ. ಇನ್ನೊಂದು ಮಜಾ ನೋಡ್ರಿ. ಅಲ್ಲಿ ಅವರು ತಮ್ಮನ್ನು ಕಲಾವಿದರು ಅಂತ ಕರೆದುಕೊಳ್ಳಲಿಲ್ಲ, 'ರೈಟರ್' ಅಂದುಕೊಂಡರು. ನಮ್ಮಲ್ಲೂ ಬೋರ್ಡ್ ಬರೆಯೋದು, ಬ್ಯಾನರ್ ಬರೆಯೋದು ಅಂತೀವಿ. ಚಿತ್ರಾನೂ 'ಬರೆ' ಅಂತೀವಿ. ಬರೆಯೋದು ಬೇರೆ, ಬಿಡಿಸೋದು ಬೇರೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಗೀಚುಮಲ್ಲ
ಅಣ್ಣ, ಒಪ್ಪಿದೆ. ಹಾಗಾದರೆ ಇಂಗ್ಲಿಷ್ ಅಕ್ಷರ ತಗೊಂಡು ಶುರು ಮಾಡಲಾ? ಕನ್ನಡ ಪೂರ್ತಿ ದುಂಡು ದುಂಡು. ಕೋನವೇ ಇಲ್ಲ. ಜ್ಯಾಮಿತಿ ಚಿತ್ರಕ್ಕೆ ಒಗ್ಗುತ್ತಾ?

ಬೋರ್ಡ್‌ಬರಹ
ದುಂಡು ಜ್ಯಾಮಿತಿ ಅಲ್ಲ ಅಂತ ಯಾವ ಮೇಷ್ಟ್ರು ಹೇಳಿದ್ದು? ಕೈವಾರ ಯಾಕಿದೆ ಮತ್ತೆ?

ನಮ್ಮಪ್ಪ ನಲವತ್ತು ವರ್ಷ ಅಂಗಡಿ ಬೋರ್ಡು, ಲಾರಿ ಹಿಂದಿನ ಹಲಗೆ ಬರೆದವರು. ಅವರು ಅಕ್ಷರ ಶುರು ಮಾಡೋದೇ ವೃತ್ತದಿಂದ. ದಾರಕ್ಕೆ ಬಣ್ಣದ ಪುಡಿ ಸವರಿ, ಒಂದು ತುದಿ ನಾನು ಹಿಡಿಯಬೇಕು, ಇನ್ನೊಂದು ತುದಿ ಅವರು. ಎಳೆದು ಬಿಗಿಮಾಡಿ ನಡುವೆ ಎತ್ತಿ ಬಿಟ್ಟರೆ ಟಪ್ ಅಂತ ನೇರ ಗೀಟು ಬೀಳುತ್ತದೆ. ಹೀಗೆ ಮೂರು ಗೀಟು: ತಲೆಕಟ್ಟಿಗೆ ಒಂದು, ಅಕ್ಷರದ ಕಾಲಿಗೆ ಒಂದು, ಒತ್ತಕ್ಷರಕ್ಕೆ ಅಂತ ಕೆಳಗೆ ಇನ್ನೊಂದು. ಆಮೇಲೆ ಒಂದು ಮೊಳೆ, ಅದಕ್ಕೆ ದಾರ, ದಾರದ ತುದಿಗೆ ಸೀಮೆಸುಣ್ಣ, ಒಂದರ ಪಕ್ಕ ಒಂದು ವೃತ್ತ. ಇಷ್ಟಾದ ಮೇಲೆ ಬ್ರಷ್ ಮುಟ್ಟುತ್ತಿದ್ದರು. ಆಮೇಲೆ ಗೊತ್ತಾಯಿತು, ಮೊಮೊ ಅನ್ನೋ ಅಮೆರಿಕದ ಕಲಾವಿದ ಕೂಡ ದೊಡ್ಡ ಗೋಡೆಗಳ ಮೇಲೆ ದಾರ ಕಟ್ಟಿಯೇ ವೃತ್ತ, ಕಮಾನು ಎಳೆಯುತ್ತಾನೆ ಅಂತ. ಅವನ ಫೋಟೋ ಅಪ್ಪನಿಗೆ ತೋರಿಸಿದೆ. "ಇವನಿಗೂ ಒಬ್ಬ ಮಗ ಇದ್ದಾನಾ ದಾರ ಹಿಡಿಯೋಕೆ" ಅಂದರು.

ಪಿಕ್ಸೆಲ್ ಪದ್ದು
😂 ಅಪ್ಪನಿಗೆ ನಮಸ್ಕಾರ ಹೇಳಿ.

ಗೀಚುಮಲ್ಲ, ಒಂದು ಪದ ಆರಿಸಿಕೊಳ್ಳಿ. 'ಗದ್ದಲ' ತಗೊಳ್ಳೋಣ, ಅರ್ಥಾನೂ ಒಪ್ಪುತ್ತದೆ. ಈಗ ಓದಬೇಡಿ, ಸುಮ್ನೆ ಆಕಾರ ನೋಡಿ. ಗ ಒಂದು ಕಮಾನು, ಮೇಲೊಂದು ತಲೆಕಟ್ಟು. ದ ಹೊಟ್ಟೆ ದುಂಡಗಿರೋ ಅಕ್ಷರ, ಅದಕ್ಕೂ ತಲೆಕಟ್ಟು. ಕೆಳಗೆ ಒತ್ತು ದ, ಅಂದರೆ ಅದೇ ಆಕಾರ ಚಿಕ್ಕದಾಗಿ, ತಲೆಕಟ್ಟು ಕಳಚಿಕೊಂಡು. ಕೊನೆಗೆ ಲ, ಅದಕ್ಕೆ ತಲೆಕಟ್ಟೇ ಇಲ್ಲ. ಒಂದೇ ಆಕಾರ ದೊಡ್ಡದೊಂದು ಚಿಕ್ಕದೊಂದು ಬಂತು ಅಲ್ವಾ? ಇಂಗ್ಲಿಷ್‌ನಲ್ಲಿ ಆ ಲಯ ಬೇಕು ಅಂದರೆ ನೀವೇ ಹುಟ್ಟಿಸಬೇಕು. ನಮಗೆ ಒತ್ತಕ್ಷರ ಬಿಟ್ಟಿ ಕೊಡುತ್ತದೆ. ಎಲ್ಲಾ ಒತ್ತಿಗೂ ಹೀಗಾಗಲ್ಲ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪವೇ ಬೇರೆ. ಅದೂ ಒಳ್ಳೆಯದೇ, ಬೇರೆ ಆಟ ಆಡಬಹುದು.

ನಾನು ಮಾಡೋ ರೀತಿ ಹೇಳುತ್ತೇನೆ. ಫಾಂಟ್ ಮುಟ್ಟೋದಿಲ್ಲ. ಪೇಪರ್ ಮೇಲೆ ಹತ್ತಿಪ್ಪತ್ತು ಸಲ ಕೈಯಲ್ಲಿ ಬರೆಯುತ್ತೇನೆ, ಒಂದು ನಿಧಾನಕ್ಕೆ, ಒಂದು ಜೋರಾಗಿ, ಒಂದು ಎಡಗೈಯಲ್ಲಿ. ಒಂದರಲ್ಲಿ ತಲೆಕಟ್ಟು ಎಲ್ಲೋ ಹಾರಿಹೋಗಿರುತ್ತದೆ, ಅದೇ ಬೇಕು. ಫೋಟೋ ತೆಗೆದು ಇಂಕ್‌ಸ್ಕೇಪ್‌ನಲ್ಲಿ ಅಡಿಗೆ ಹಾಕಿ, ಪ್ರತಿ ಬಾಗಿಗೂ ಸರಿಯಾದ ವೃತ್ತದ ತುಂಡು ಕೂರಿಸುತ್ತೇನೆ. ಇಡೀ ಪದಕ್ಕೆ ಮೂರೇ ಅಳತೆಯ ವೃತ್ತ, ನಾಲ್ಕನೆಯದಕ್ಕೆ ಆಸೆ ಪಡಬಾರದು. ಓರೆ ಗೆರೆಗಳಿಗೂ ಒಂದೇ ಕೋನ. ಆಮೇಲೆ ಎಲ್ಲಾ ಆಕಾರ ಒಂದರ ಮೇಲೊಂದು ಜರುಗಿಸಿ, ಎಲ್ಲವನ್ನೂ ಆಯ್ದು, ಶೇಪ್ ಬಿಲ್ಡರ್ ಒತ್ತುತ್ತೇನೆ. 1.3 ಆವೃತ್ತಿಯಿಂದ ಬಂದಿದೆ, ಹಳೆಯದು ಇಟ್ಟುಕೊಂಡಿದ್ದರೆ ಮೊದಲು ಅಪ್‌ಡೇಟ್ ಮಾಡಿ. ಒಂದರ ಮೇಲೊಂದು ಬಂದ ಜಾಗಗಳೆಲ್ಲ ಬೇರೆ ಬೇರೆ ತುಂಡಾಗುತ್ತವೆ. ಬೇಕಾದ್ದು ಸೇರಿಸಿ, ಬೇಡದ್ದು ಕಿತ್ತುಹಾಕಿ. ನಿಜವಾದ ಚಿತ್ರ ಹುಟ್ಟೋದು ಇಲ್ಲಿ. ಗ ಕಮಾನಿಗೂ ದ ಹೊಟ್ಟೆಗೂ ನಡುವೆ ಒಂದು ಮೀನಿನ ಥರದ ತುಂಡು ಸಿಗುತ್ತದೆ, ಅದು ನೀವು ಕೂತು ಯೋಚಿಸಿದರೂ ಹೊಳೆಯೋದಿಲ್ಲ.

ಗೀಚುಮಲ್ಲ
ಪದ್ದು ಅಕ್ಕ, ಫಾಂಟ್ ಯಾಕೆ ಮುಟ್ಟಬಾರದು? ಟೈಪ್ ಮಾಡಿ ಅಕ್ಷರವನ್ನು ಪಾತ್, ಅಂದರೆ ತಿದ್ದಬಹುದಾದ ಗೆರೆ, ಮಾಡಿಬಿಟ್ಟರೆ ಬೇಗ ಆಗುತ್ತದಲ್ಲ.

ಪಿಕ್ಸೆಲ್ ಪದ್ದು
ಆಗುತ್ತದೆ. ಆದರೆ ಆ ಬಾಗು ಫಾಂಟ್ ಮಾಡಿದವರದು, ನಿಮ್ಮದಲ್ಲ. ಮತ್ತೆ ಅದೇ "ಎಲ್ಲೋ ನೋಡಿದ ಹಾಗಿದೆ".

ಇನ್ನೊಂದು, ಇಲಸ್ಟ್ರೇಟರ್‌ನಲ್ಲಿ ಮಾಡುವವರು ಹುಷಾರು. ಭಾರತೀಯ ಭಾಷೆಗಳ ಆಯ್ಕೆ ಆನ್ ಮಾಡಿ, ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಒಡೆದುಹೋಗುತ್ತದೆ. ನನಗೆ ಹೇಗೆ ಗೊತ್ತು ಅಂದರೆ, ಕಾಲೇಜು ಫೆಸ್ಟ್‌ಗೆ ಮೂವತ್ತು ಟೀ ಶರ್ಟ್ ಮಾಡಿಸಿದ್ದೆವು. ಫೈಲ್ ತೆರೆದ ಪ್ರಿಂಟಿಂಗ್‌ನವರ ಕಂಪ್ಯೂಟರಿನಲ್ಲಿ ಒತ್ತು ಬಿಚ್ಚಿಕೊಂಡಿತ್ತು, ಯಾರೂ ನೋಡಲಿಲ್ಲ, ಮೂವತ್ತಕ್ಕೂ 'ಗದ್‌ದಲ' ಅಂತ ಅಚ್ಚಾಗಿ ಬಂತು. ಹಾಕಿಕೊಂಡು ಓಡಾಡಿದೆವು, ಇನ್ನೇನು ಮಾಡೋದು. ಒಬ್ಬ ಜೂನಿಯರ್ ಬಂದು "ಅಕ್ಕ, ಬೇಕಂತಲೇ ಒಡೆದಿದ್ದಾ, ಸೂಪರ್" ಅಂದ.

ಕುಡ್ಲದ ಕ್ಯಾನ್
ನಾನು ಕೈಯಲ್ಲಿ ಸ್ಪ್ರೇ ಕ್ಯಾನ್ ಹಿಡಿದವನು, ಸಾಫ್ಟ್‌ವೇರ್ ಅಷ್ಟಕ್ಕಷ್ಟೆ. ಆದರೆ ನಿಮ್ಮ ಚಿತ್ರದಲ್ಲಿ ಸ್ಪ್ರೇ ಅನ್ನೋದು ಇಲ್ಲ ಮಾರಾಯ, ಸ್ಪ್ರೇಯ ವೇಷ ಇದೆ. ಸ್ವಲ್ಪ ಹೇಳಿಯೇ ಬಿಡುತ್ತೇನೆ.

ಕ್ಯಾನ್ ಗೋಡೆಗೆ ಹತ್ತಿರ ಹಿಡಿದರೆ ಗೆರೆ ತೆಳ್ಳಗೆ, ಅಂಚು ಚೂಪು. ದೂರ ಹಿಡಿದರೆ ಅಗಲ, ಅಂಚು ಮಂಜು. ಹತ್ತಿರ ಹಿಡಿದು ಕೈ ನಿಧಾನ ಮಾಡಿದರೆ ಬಣ್ಣ ಸೋರುತ್ತದೆ. ಅಂದರೆ ಸೋರುವುದು ಗೆರೆ ನಿಂತ ಜಾಗದಲ್ಲಿ, ತಿರುವಿನಲ್ಲಿ, ಎರಡು ಗೆರೆ ಸೇರುವಲ್ಲಿ. ನಿಮ್ಮದರಲ್ಲಿ ತ್ರಿಕೋನದ ಕೆಳಗಿನ ಅಂಚಿನುದ್ದಕ್ಕೂ ಬಾಚಣಿಗೆ ಹಲ್ಲಿನ ಹಾಗೆ ಸೋರಿದೆ. ಅಷ್ಟು ಸೋರಿದರೆ ಕ್ಯಾನೇ ಖಾಲಿ. ಕೈ ಪಳಗಿದವರು ಸೋರದಂತೆ ನೋಡಿಕೊಳ್ಳುತ್ತಾರೆ, ಸೋರಿದರೆ ಅದು ತಪ್ಪು, ಮುಚ್ಚಿಬಿಡುತ್ತಾರೆ. ಬೇಕೆಂದೇ ಸೋರಿಸುವ ಶೈಲಿಯೂ ಇದೆ, ಇಲ್ಲ ಅನ್ನೋದಿಲ್ಲ, ಆದರೆ ಅದಕ್ಕೂ ಒಂದು ಲೆಕ್ಕ ಇದೆ.

ಮತ್ತೆ ಕೆಲಸದ ಕ್ರಮ. ಮೊದಲು ತೆಳು ಬಣ್ಣದಲ್ಲಿ ಗುರುತು. ಆಮೇಲೆ ಒಳಗೆ ಬಣ್ಣ ತುಂಬೋದು. ಆಮೇಲೆ ದಪ್ಪ ತೋರಿಸೋ ನೆರಳು. ಹಿನ್ನೆಲೆ. ಹೊರಗೆರೆ ಎಲ್ಲಕ್ಕಿಂತ ಕಡೆಗೆ, ಅದರ ಮೇಲೆ ಬಿಳಿ ಹೊಳಪು. ನೀವು ಕಂಪ್ಯೂಟರಿನಲ್ಲಿ ಮೊದಲೇ ಕಪ್ಪು ಹೊರಗೆರೆ ಎಳೆದು ಅದರೊಳಗೆ ಬಣ್ಣ ಸುರಿದಿದ್ದೀರಿ, ಮಕ್ಕಳ ಬಣ್ಣ ತುಂಬೋ ಪುಸ್ತಕದ ಹಾಗೆ. ಒಂದು ಸಲ ಹೊರಗೆರೆ ಪೂರ್ತಿ ಆಫ್ ಮಾಡಿ ನೋಡಿ. ಚಿತ್ರ ನಿಂತರೆ ಸರಿ, ಕುಸಿದರೆ ಬಣ್ಣದಲ್ಲೇ ದೋಷ ಇದೆ ಅಂತ ಅರ್ಥ. ಹ್ಯಾಂಬರ್ಗ್‌ನ ಡೈಮ್ ಅನ್ನುವವನು ಹೊರಗೆರೆಯೇ ಇಲ್ಲದೆ ಬರೀ ಬೆಳಕು ನೆರಳಲ್ಲಿ ಅಕ್ಷರವನ್ನು ಗೋಡೆಯಿಂದ ಎದ್ದು ಬರುವ ಹಾಗೆ ಮಾಡುತ್ತಾನೆ.

ಗೀಚುಮಲ್ಲ
ಆಫ್ ಮಾಡಿದೆ. ಕುಸಿಯಿತು. 🙏

ಅಕ್ಕಿರೊಟ್ಟಿ ಜರ್ಸಿ
ಹೊರಗಿನಿಂದ ಒಂದು ಮಾತು. ನಾನು ಹಲವು ವರ್ಷ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದೆ, ಕೆಲಸಕ್ಕೆ 7 ನಂಬರ್ ರೈಲು. ಅದು ಮೇಲ್ಸೇತುವೆ ಮೇಲೆ ತಿರುವು ತಗೊಳ್ಳುವಾಗ ಕಿಟಕಿಯಿಂದ 5 ಪಾಯಿಂಟ್ಸ್ ಕಾಣುತ್ತಿತ್ತು. ಹಳೇ ಫ್ಯಾಕ್ಟರಿ ಕಟ್ಟಡ, ಬುಡದಿಂದ ತುದಿವರೆಗೆ ಗ್ರಾಫಿಟಿ. ರೈಲಿನ ವೇಗದಲ್ಲಿ ಯಾವ ಹೆಸರೂ ಓದಲಿಕ್ಕೆ ಆಗುತ್ತಿರಲಿಲ್ಲ. ಬಾಣ, ಬಾಗು, ಬಣ್ಣದ ಪಟ್ಟಿ, ಅಷ್ಟೇ. ಅಮೂರ್ತ ಚಿತ್ರ ಅಂದರೆ ನನಗೆ ಅವತ್ತಿಂದ ಅದೇ. 2013ರ ನವೆಂಬರ್‌ನಲ್ಲಿ ಒಂದು ಬೆಳಗ್ಗೆ ನೋಡಿದರೆ ರಾತ್ರೋರಾತ್ರಿ ಬಿಳಿ ಬಣ್ಣ ಬಳಿದಿದ್ದರು. ತೆಳುವಾಗಿ ಬಳಿದಿದ್ದರು, ಅಡಿಯ ಬಣ್ಣ ಅಲ್ಲಲ್ಲಿ ಇಣುಕುತ್ತಿತ್ತು. ಬೋಗಿಯಲ್ಲಿ ಯಾರೂ ಮಾತಾಡಲಿಲ್ಲ. ಮುಂದೆ ಕಲಾವಿದರು ಕೋರ್ಟಿಗೆ ಹೋಗಿ ಗೆದ್ದರು, 2018ರಲ್ಲಿ 67.5 ಲಕ್ಷ ಡಾಲರ್ ಪರಿಹಾರ ಅಂತ ಆಯಿತು. ಕಟ್ಟಡ ಮಾತ್ರ ಅಷ್ಟರಲ್ಲಿ ನೆಲಸಮ.

ಹೇಳಲಿಕ್ಕೆ ಬಂದಿದ್ದು ಬೇರೆ. ನಿಮ್ಮ ಮೂರೂ ಚಿತ್ರ ಚೌಕ. ಗ್ರಾಫಿಟಿ ಬರೆಯುತ್ತಿದ್ದ ರೈಲು ಡಬ್ಬಿ ಚೌಕ ಅಲ್ಲ. ಉದ್ದ, ನಡುವೆ ಕಿಟಕಿ ಬಾಗಿಲು. ಕಿಟಕಿ ಕೆಳಗಷ್ಟೇ ಬರೆದರೆ ಆ ಬಗೆಗೆ ಒಂದು ಹೆಸರು, ಮೇಲಿಂದ ಕೆಳಗೆ ಬರೆದರೆ ಇನ್ನೊಂದು, ಇಡೀ ಡಬ್ಬಿ ಬರೆದರೆ ಮತ್ತೊಂದು. ಆ ಉದ್ದದಿಂದಲೇ ಅಕ್ಷರಗಳು ಓಡುವ ಹಾಗೆ ವಾಲಿದ್ದು ಅನ್ನಿಸುತ್ತದೆ ನನಗೆ. ಒಂದು ಉದ್ದ ಪಟ್ಟಿಯಲ್ಲಿ ಪ್ರಯತ್ನ ಮಾಡಿ, ಅಗಲಕ್ಕೆ ಐದು, ಎತ್ತರಕ್ಕೆ ಒಂದು.

ಧಾರವಾಡ ಪೇಡಾ
ನಮ್ಮ ಕೆಂಪು ಬಸ್ಸೂ ಉದ್ದ ಐತ್ರಿ... ಬ್ಯಾಡ ಬಿಡ್ರಿ, ಕೇಸು ಹಾಕಿಸಿಕೊಳ್ಳಬ್ಯಾಡ್ರಿ.

ಬೋರ್ಡ್‌ಬರಹ
ತಮಾಷೆ ಸರಿ, ಆದರೆ ಹೊಸಬರು ಓದುತ್ತಿರುತ್ತಾರೆ, ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಸಾರ್ವಜನಿಕ ಜಾಗದ ಅಂದ ಕೆಡಿಸೋದನ್ನು ತಡೆಯುವ ಕಾಯ್ದೆ 1981ರಿಂದ ಇದೆ. ಗೋಡೆ ಯಾರದೋ ಅವರನ್ನು ಕೇಳಿ, ಒಪ್ಪಿಗೆ ಬರವಣಿಗೆಯಲ್ಲಿ ತಗೊಳ್ಳಿ. 2009ರ ಸುಮಾರಿಗೆ ಬೆಂಗಳೂರಿನಲ್ಲಿ ಪಾಲಿಕೆಯೇ ಬೋರ್ಡ್, ಬ್ಯಾನರ್ ಬರೆಯುವವರನ್ನು ಕರೆದು ರಸ್ತೆ ಪಕ್ಕದ ಗೋಡೆಗಳಿಗೆಲ್ಲ ಹುಲಿ, ಜಲಪಾತ, ಅರಮನೆ ಬರೆಸಿತ್ತು, ನೆನಪಿದೆಯಾ? ಕೆಲವರು ನಕ್ಕರು. ನಾನು ನಗಲಿಲ್ಲ. ಫ್ಲೆಕ್ಸ್ ಬಂದು ಕೈ ಖಾಲಿ ಆಗಿದ್ದ ಎಷ್ಟೋ ಜನಕ್ಕೆ ಅದು ಕೆಲಸ.

ಕುಡ್ಲದ ಕ್ಯಾನ್
ಫ್ಲೆಕ್ಸ್ ಬಗ್ಗೆ ಶುರು ಮಾಡಬೇಡಿ ಅಣ್ಣ, ಈ ಚರ್ಚೆ ಮುಗಿಯೋದಿಲ್ಲ.

ನೀಲಿ ನೆರಳು
ಒಂದು ಭಿನ್ನಾಭಿಪ್ರಾಯ ಇದೆ. ಎಲ್ಲರೂ ಅಕ್ಷರ ಅಕ್ಷರ ಅಂತಿದ್ದೀರಿ. ರಷ್ಯಾದ ಚಿತ್ರಕಾರ ಮಾಲೆವಿಚ್ 1915ರಲ್ಲೇ ಕಪ್ಪು ಚೌಕ ಇಟ್ಟು ತೋರಿಸಿದ. ಅವನಿಗೆ ಯಾವ ಅಕ್ಷರ ಇತ್ತು? ತ್ರಿಕೋನ, ಚೌಕ ತಮ್ಮಷ್ಟಕ್ಕೇ ನಿಲ್ಲಬಾರದಾ? ಕೋಫಿ, ಅದೇ ಥರ ಗ್ರಾಫಿಟಿಯಿಂದ ಬಂದ ರೆಮಿ ರಫ್ ಇವರ ಚಿತ್ರದಲ್ಲಿ ಗ್ರಾಫಿಟಿಗಿಂತ ಆ ರಷ್ಯದವರ ನೆರಳೇ ಜಾಸ್ತಿ ಕಾಣುತ್ತದೆ ನನಗೆ.

ಬೋರ್ಡ್‌ಬರಹ
ನಿಲ್ಲಬಹುದು. ಆದರೆ ಅದಕ್ಕೆ ಗ್ರಾಫಿಟಿ ಅನ್ನೋ ಹೆಸರು ಯಾಕೆ? ಜ್ಯಾಮಿತಿ ಚಿತ್ರ ಅಂತ ಕರೆಯಿರಿ, ಯಾರ ತಕರಾರೂ ಇಲ್ಲ. ಗ್ರಾಫಿಟಿ ಅಂದ ಮೇಲೆ ಒಳಗೆ ಯಾರೋ ತನ್ನ ಹೆಸರು ಬಚ್ಚಿಟ್ಟಿರಬೇಕು. ಓದಲಿಕ್ಕೆ ಬರದಿದ್ದರೂ ಪರವಾಗಿಲ್ಲ.

ನೀಲಿ ನೆರಳು
ಅರ್ಧ ಒಪ್ಪುತ್ತೇನೆ. ಒಬ್ಬರ ಹೆಸರಿನ ಹಠ ಇಲ್ಲದಿದ್ದರೆ ಬರೀ ಅಲಂಕಾರ ಆಗುತ್ತದೆ ಅನ್ನೋದು ಸರಿ. ಹಠ ಅಕ್ಷರದಲ್ಲೇ ಇರಬೇಕು ಅನ್ನೋದು ಒಪ್ಪಲ್ಲ. ಇಲ್ಲಿಗೆ ಬಿಡೋಣ.

ಧಾರವಾಡ ಪೇಡಾ
ಬಾಣದ ಬಗ್ಗೆ ಯಾರೂ ಮಾತಾಡಲಿಲ್ಲ. ವೈಲ್ಡ್‌ಸ್ಟೈಲ್‌ನಲ್ಲಿ ಅಕ್ಷರದ ತುದಿಗೆ ಬಾಣ ಇರುತ್ತದಲ್ಲ, ನ್ಯೂಯಾರ್ಕ್‌ನ ರಾಮೆಲ್ಝೀ ಅನ್ನುವವನಂತೂ ಅಕ್ಷರಗಳು ಆಯುಧ ಹಿಡಿದು ಯುದ್ಧಕ್ಕೆ ಹೊರಟಿವೆ ಅನ್ನೋ ಸಿದ್ಧಾಂತವನ್ನೇ ಕಟ್ಟಿದ. ಕನ್ನಡಕ್ಕೆ ಇಂಗ್ಲಿಷ್ ಬಾಣ ತಂದು ಅಂಟಿಸಬ್ಯಾಡ್ರಿ. ನಮ್ಮ ತಲೆಕಟ್ಟೇ ಬಾಣ. ಬಲಕ್ಕೆ ಚಿಮ್ಮುತ್ತದೆ, ತುದಿ ಮೇಲಕ್ಕೆ ಕೊಕ್ಕೆ. ಅದನ್ನು ಎಳೆದು ಪಕ್ಕದ ಅಕ್ಷರದ ಹೊಟ್ಟೆಯೊಳಗೆ ತೂರಿಸಿ. ದೀರ್ಘ, ಕೊಂಬು, ಏತ್ವ ಎಲ್ಲಾ ಹೀಗೆ ಓಡಿಸಬಹುದು. ಸಿನಿಮಾ ಟೈಟಲ್ ಬರೆಯುವವರು ಇದನ್ನು ಎಂದೋ ಕಂಡುಕೊಂಡಿದ್ದಾರೆ, ನಾಯಕನ ಹೆಸರಿನ ಕೊಂಬಿಗೆ ಮಚ್ಚಿನ ಆಕಾರ ಕೊಟ್ಟಿದ್ದು ಎಷ್ಟು ನೋಡಿಲ್ಲ!

ಪಿಕ್ಸೆಲ್ ಪದ್ದು
ಬಣ್ಣದ ಬಗ್ಗೆ ಚಿಕ್ಕದಾಗಿ. ಗೀಚುಮಲ್ಲ, ನಿಮ್ಮ ಮೊದಲನೇ ಚಿತ್ರದಲ್ಲಿ ಎಣಿಸಿದೆ, ಹದಿನೇಳು ಬಣ್ಣ. ಚೀಲದಲ್ಲಿ ಹದಿನೇಳು ಕ್ಯಾನ್ ಹೊತ್ತುಕೊಂಡು ಬೇಲಿ ಹಾರಿ ನೋಡಿ. ನಾಲ್ಕು ಇಟ್ಟುಕೊಳ್ಳಿ, ಜೊತೆಗೆ ಕಪ್ಪು ಬಿಳುಪು. ಆ ಮಿಂಚುವ ಗುಲಾಬಿ ಸ್ಕ್ರೀನಲ್ಲಿ ಮಾತ್ರ ಹಾಗೆ. ಮಾಮೂಲಿ ನಾಲ್ಕು ಶಾಯಿಯ ಪ್ರಿಂಟಿನಲ್ಲಿ ಒಣಗಿದ ಬೀಟ್‌ರೂಟ್ ಆಗುತ್ತದೆ. ಸ್ಕ್ರೀನ್ ಪ್ರಿಂಟ್ ಮಾಡಿಸಿ ಫ್ಲೋರೊಸೆಂಟ್ ಶಾಯಿ ಕೇಳಿದರೆ ಸಿಗುತ್ತದೆ, ಆಗಲೂ ಬಣ್ಣ ಕಡಿಮೆ ಇದ್ದಷ್ಟೂ ಖರ್ಚು ಕಡಿಮೆ.

ನಯವಾದ ಗ್ರೇಡಿಯೆಂಟ್ ಬೇಡವೇ ಬೇಡ. ಸ್ಪ್ರೇ ಮಂಜು ಅಂದರೆ ಚುಕ್ಕಿಗಳು. ಕ್ರಿತಾ ಅನ್ನೋ ಪೇಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಸ್ಪ್ರೇ ಬ್ರಷ್ ಇದೆ, ಅದರಲ್ಲಿ ಕಪ್ಪು ಬಿಳುಪಲ್ಲಿ ಒಂದು ಹಾಳೆ ಊದಿಟ್ಟುಕೊಂಡು, ಆಮೇಲೆ ಬೇಕಾದ ತುಂಡಿನೊಳಗೆ ಮಾತ್ರ ಕೂರಿಸಿ. ಎಲ್ಲಾ ತುಂಡಿಗೂ ಅಲ್ಲ. ಎರಡೋ ಮೂರೋ ಸಾಕು, ಉಳಿದದ್ದು ಚಪ್ಪಟೆ ಬಣ್ಣವೇ ಇರಲಿ.

ದಪ್ಪ ತೋರಿಸುವಾಗ ಇಂಕ್‌ಸ್ಕೇಪ್‌ನ ಆಕ್ಸೊನೊಮೆಟ್ರಿಕ್ ಗ್ರಿಡ್ ಹಾಕಿಕೊಳ್ಳಿ, 30 ಡಿಗ್ರಿಯ ಗೆರೆಗಳು ಸಿಗುತ್ತವೆ. ಎಲ್ಲಾ ದಪ್ಪವೂ ಒಂದೇ ದಿಕ್ಕಿಗೆ. ಒಂದು ತುಂಡು ಎಡಕ್ಕೂ ಇನ್ನೊಂದು ಬಲಕ್ಕೂ ಬಿದ್ದರೆ ಕಣ್ಣಿಗೆ ಕಿರಿಕಿರಿ, ಯಾಕೆ ಅಂತಲೂ ಗೊತ್ತಾಗಲ್ಲ.

ಗೀಚುಮಲ್ಲ
ಹನ್ನೊಂದು ದಿನ ಆಯಿತು, ಕ್ಷಮಿಸಿ, ಆಫೀಸಿನಲ್ಲಿ ತಲೆ ಎತ್ತಲು ಬಿಡಲಿಲ್ಲ. 'ಗದ್ದಲ' ಮಾಡಿದೆ. ಒಂದು ನೋಟ್‌ಬುಕ್ಕಿನ ಅರ್ಧ ಖಾಲಿಯಾಯಿತು ಬರೆದೂ ಬರೆದೂ. ಉದ್ದ ಪಟ್ಟಿ, ಮೂರೇ ವೃತ್ತ, ನಾಲ್ಕು ಬಣ್ಣ. ಗ ತಲೆಕಟ್ಟನ್ನು ಎಳೆದು ದ ಹೊಟ್ಟೆ ತೂರಿಸಿ ಆ ಕಡೆ ಲ ತನಕ ಒಯ್ದಿದ್ದೇನೆ. ಪದ್ದು ಅಕ್ಕ ಹೇಳಿದ ಮೀನು ನಿಜವಾಗಲೂ ಸಿಕ್ಕಿತು! ಅದನ್ನು ಹಾಗೇ ಕಿತ್ತಳೆ ಬಣ್ಣದಲ್ಲಿ ಬಿಟ್ಟೆ, ಇಡೀ ಚಿತ್ರದಲ್ಲಿ ಅದೊಂದೇ ಕಿತ್ತಳೆ. ಒತ್ತು ದ ಕೆಳಗೆ ಪಟ್ಟಿಯಿಂದ ಹೊರಗೆ ಇಳಿದುಬಿಟ್ಟಿದೆ, ಕತ್ತರಿಸಲು ಮನಸ್ಸಾಗಲಿಲ್ಲ. ಸೋರಿದ್ದು ಒಂದೇ ಕಡೆ, ತಲೆಕಟ್ಟಿನ ತುದಿಯಲ್ಲಿ, ನೆಟ್ಟಗೆ ಕೆಳಕ್ಕೆ. ಹೊರಗೆರೆ ಇಲ್ಲ.

ಆಫೀಸಿನಲ್ಲಿ ಮೂವರಿಗೆ ತೋರಿಸಿದೆ. ಒಬ್ಬಳು 'ದ' ಇದೆ ಅಂದಳು. ಒಬ್ಬ ಇದು ಆನೆ ಅಂದ. ಮೂರನೆಯವನು "ಇದು ಯಾವ ಸ್ಟೇಷನ್ ಮ್ಯಾಪು" ಅಂತ ಕೇಳಿದ.

ಅಕ್ಕಿರೊಟ್ಟಿ ಜರ್ಸಿ
ಒತ್ತು ಹೊರಗಿಳಿದಿರೋದೇ ಚೆನ್ನಾಗಿದೆ. ಕತ್ತರಿಸಬೇಡಿ.

ನೀಲಿ ನೆರಳು
ನನ್ನ ವಾದ ವಾಪಸ್ ತಗೊಳ್ಳಲ್ಲ, ಆದರೆ ಚಿತ್ರ ಚೆನ್ನಾಗಿದೆ.

ಬೋರ್ಡ್‌ಬರಹ
ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಲ ಸ್ವಲ್ಪ ಸಣಕಲು, ಊಟ ಹಾಕು" ಅಂದರು. ಮತ್ತೆ ನೋಡಿ, ದೊಡ್ಡ ದ ನೆರಳು ಬಲಕ್ಕೆ ಬಿದ್ದಿದೆ, ಒತ್ತು ದ ನೆರಳು ಎಡಕ್ಕೆ.

ಗೀಚುಮಲ್ಲ
ಅಯ್ಯೋ ಹೌದು. ಒತ್ತನ್ನು ಕಾಪಿ ಮಾಡುವಾಗ ತಿರುಗಿಸಿದ್ದೆ, ನೆರಳೂ ತಿರುಗಿಬಿಟ್ಟಿದೆ. ಇವತ್ತು ರಾತ್ರಿ ಸರಿ ಮಾಡಿ ಹಾಕುತ್ತೇನೆ. ಲ ಕೂಡ.